ಏಕಾಂತಕ್ಕೆ ಬೇಲಿ ಹಾಕಬಹುದೇ?

ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ದಾಟಿ ಕೊಪ್ಪಕ್ಕೆ ಬರುವಲ್ಲಿಗೆ ಮೈಸೂರು ಜಿಲ್ಲೆ ಮುಗಿಯುತ್ತದೆ. ಮುಂದೆ ಕಾವೇರಿ ಸೇತುವೆ, ಸೇತುವೆಯಾಚೆ ಕುಶಾಲನಗರ, ಅಲ್ಲಿಂದ ಕೊಡಗು. ಈ ದಾರಿಯುದ್ದಕ್ಕೂ ಹೋಮ್‌ಸ್ಟೇ, ರೆಸಾರ್ಟ್, ಕಾಟೇಜ್‌ಗಳ ಫಲಕಗಳು ನಮ್ಮನ್ನು ಕರೆಯುತ್ತವೆ. ಹೆಚ್ಚಿನ ಫಲಕಗಳ ಮೇಲಿರುವುದು ಒಂದೇ ಚಿತ್ರ. ನಾಲ್ಕೂ ಕಡೆ ಹಸಿರು, ನಡುವೆ ಮರದ ಹಲಗೆಗಳಿಂದ ಕಟ್ಟಿದ ಒಂಟಿ ಮನೆ, ಒಂದು ಗೋಡೆ ಪೂರ್ತಿ ಗಾಜು, ಗಾಜಿನ ಮುಂದೆ ಮರದ ಜಗಲಿ, ಜಗಲಿಯಲ್ಲಿ ಎರಡು ಕುರ್ಚಿ. ಚಿತ್ರದಲ್ಲಿ ಮನುಷ್ಯರು ಯಾರೂ ಇಲ್ಲ. ಆ ಕುರ್ಚಿಗಳು ನಮಗಾಗಿಯೇ ಕಾದಿವೆ ಎಂದು ನಾವು ಭಾವಿಸಬೇಕು.

ನಮ್ಮಲ್ಲಿ ಅನೇಕರು ಹಾಗೆ ಭಾವಿಸುತ್ತೇವೆ. ಬೆಂಗಳೂರಿನ ವಾಹನಗಳ ಗದ್ದಲ, ಮೊಬೈಲಿನ ಕಿರಿಕಿರಿ, ಕಚೇರಿಯ ಒತ್ತಡಗಳಿಂದ ಬಳಲಿದ ಮನಸ್ಸು ಎರಡು ದಿನದ ಮೌನಕ್ಕಾಗಿ ಹಾತೊರೆಯುವುದು ಸಹಜ. ಉಳ್ಳವರು ಒಂದು ಹೆಜ್ಜೆ ಮುಂದೆ ಹೋಗಿ ಕಾಡಂಚಿನಲ್ಲಿ ಜಮೀನು ಕೊಂಡು ಅಂಥದೊಂದು ಮನೆಯನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಆ ದಾರಿ ಇನ್ನಷ್ಟು ಸುಗಮವಾಗಿದೆ. ಕಾನೂನು ಅನುಮತಿಸಿದೆ, ದುಡಿದ ಹಣವಿದೆ, ಯಾರಿಗೂ ಮೋಸ ಮಾಡಿಲ್ಲ. ಹಾಗಿರುವಾಗ ನೈತಿಕತೆಯ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಏಕಾಂತವನ್ನು ಒಬ್ಬ ಮನುಷ್ಯ ಆಸ್ತಿಯಾಗಿ ಹೊಂದಬಹುದೇ ಎಂಬಲ್ಲಿಂದ ಆ ಪ್ರಶ್ನೆ ಬರುತ್ತದೆ ಎಂಬುದು ನಮ್ಮ ಉತ್ತರ.

ಹಂಬಲ ಹಳೆಯದು

ಜನರಿಂದ ದೂರ ಹೋಗಬೇಕೆಂಬ ಹಂಬಲ ಇಂದಿನದಲ್ಲ, ಅದು ಕೀಳಾದದ್ದೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿತ್ವ ಪಡೆಯುವ ಮುನ್ನ ಬುತ್ತಿ ಕಟ್ಟಿಕೊಂಡು ಹಿರಾ ಗುಹೆಗೆ ಹೋಗಿ ದಿನಗಟ್ಟಲೆ ಒಬ್ಬರೇ ಇರುತ್ತಿದ್ದರು. ಬುತ್ತಿ ಮುಗಿದಾಗ ಖದೀಜಾ(ರ)ರ ಬಳಿಗೆ ಮರಳಿ, ಮತ್ತೆ ಹೊರಡುತ್ತಿದ್ದರು. ನಮ್ಮ ನಾಡಿನ ಪರಂಪರೆಯಲ್ಲಿ ವಾನಪ್ರಸ್ಥವೆಂಬುದೊಂದು ಆಶ್ರಮವಿದೆ. ಅಕ್ಕಮಹಾದೇವಿ ಕೊನೆಗೆ ಶ್ರೀಶೈಲದ ಕದಳೀವನವನ್ನು ಹುಡುಕಿಕೊಂಡು ಹೋದಳು. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ವಾಲ್ಡನ್ ಕೊಳದ ದಡದ ಕಾಡಿನಲ್ಲಿ ತಾನೇ ಕಟ್ಟಿಕೊಂಡ ಪುಟ್ಟ ಮರದ ಮನೆಯಲ್ಲಿ ಎರಡು ವರ್ಷ ಎರಡು ತಿಂಗಳು ಕಳೆದ. ಕಾಡಿನೊಳಗಿನ ಮರದ ಮನೆಯ ಆಧುನಿಕ ಕನಸು ಬಹುಮಟ್ಟಿಗೆ ಅವನಿಂದ ಬಂದ ಬಳುವಳಿ.

ಆದರೆ ಇವರ ಏಕಾಂತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿರಾ ಗುಹೆಗೆ ಬಾಗಿಲಿರಲಿಲ್ಲ, ಅದು ಯಾರ ಒಡೆತನದ್ದೂ ಆಗಿರಲಿಲ್ಲ. ದಿವ್ಯವಾಣಿ ಅವತೀರ್ಣವಾದ ಬಳಿಕ ಪ್ರವಾದಿ(ಸ)ರು ಬೆಟ್ಟವಿಳಿದು ಜನರ ನಡುವೆ ಬಂದರು. ಮುಂದಿನ 23 ವರ್ಷಗಳ ಬದುಕು ಬೀದಿ, ಸಂತೆ, ಮಸೀದಿಗಳಲ್ಲಿ ಜನರೊಂದಿಗೆ ಸಾಗಿತು. ಆ ಬಳಿಕ ಅವರು ಕಲಿಸಿದ ಏಕಾಂತ ಇಅ್‌ತಿಕಾಫ್‌ನದು. ರಮಝಾನ್‌ನ ಕೊನೆಯ ಹತ್ತು ದಿನ ಮಸೀದಿಯ ಒಂದು ಮೂಲೆಯಲ್ಲಿ ಕುಳಿತು ಮಾಡುವ ಧ್ಯಾನವದು. ಊರಿನ ನಟ್ಟನಡುವೆ, ದಿನಕ್ಕೆ ಐದು ಬಾರಿ ಜನ ಬಂದು ಸೇರುವ ಜಾಗದಲ್ಲಿ ಅದು ನಡೆಯುತ್ತದೆ! ಆ ಮಸೀದಿಯಾದರೂ ಹೇಗಿತ್ತು? ಹಸಿ ಇಟ್ಟಿಗೆಯ ಗೋಡೆ, ಖರ್ಜೂರ ಮರದ ಕಾಂಡಗಳ ಕಂಬ, ಗರಿಗಳ ಮಾಡು. ಮಳೆ ಬಂದರೆ ಸೋರುತ್ತಿತ್ತು. ಸಾಷ್ಟಾಂಗವೆರಗಿದವರ ಹಣೆಗೆ ಕೆಸರು ಮೆತ್ತುತ್ತಿತ್ತು.

ಥೋರೋ ಕೂಡ ಊರು ಬಿಟ್ಟು ಬಹಳ ದೂರ ಹೋದವನಲ್ಲ. ಕಾಂಕರ್ಡ್ ಪಟ್ಟಣ ನಡಿಗೆಯ ದೂರದಲ್ಲಿತ್ತು, ಅತಿಥಿಗಳು ಬಂದು ಹೋಗುತ್ತಿದ್ದರು, ಜಮೀನು ಅವನ ಗೆಳೆಯ ಎಮರ್ಸನ್‌ನದಾಗಿತ್ತು. ಮನೆಗೆ ತಗಲಿದ ಖರ್ಚು 28 ಡಾಲರ್ ಚಿಲ್ಲರೆ. ಆ ಮನೆಯ ಹಲಗೆಗಳ ಕಥೆಯನ್ನು ಅವನೇ ಬರೆದಿಟ್ಟಿದ್ದಾನೆ. ರೈಲು ಹಾದಿಯಲ್ಲಿ ದುಡಿಯುತ್ತಿದ್ದ ಒಬ್ಬ ಐರಿಷ್ ಕೂಲಿಕಾರನ ಗುಡಿಸಲನ್ನು ಕೊಂಡು, ಬಿಚ್ಚಿ, ಹಲಗೆಗಳನ್ನು ಕೊಳದ ಬಳಿಗೆ ಸಾಗಿಸಿದ. ಆ ಕೂಲಿಯ ಕುಟುಂಬ ಬೆಳಗಾಗುವ ಮೊದಲೇ ತನ್ನ ಸಾಮಾನುಗಳನ್ನು ಒಂದು ಗಂಟಿನಲ್ಲಿ ಕಟ್ಟಿಕೊಂಡು ಹೊರಟುಹೋಯಿತು. ಜಗತ್ತಿನ ಅತ್ಯಂತ ಪ್ರಸಿದ್ಧ ಏಕಾಂತದ ಮನೆ ಎದ್ದದ್ದು ಇನ್ನೊಂದು ಮನೆ ಕಳಚಿದ ಮೇಲೆ. ಥೋರೋ ಅದನ್ನು ಅಡಗಿಸಲಿಲ್ಲ ಎಂಬುದು ಅವನ ದೊಡ್ಡತನ. ಆದರೆ ಅವನ ಕನಸನ್ನು ಇಂದು ಮಾರುವವರು ಆ ಗಂಟು ಹೊತ್ತ ಕುಟುಂಬದ ಬಗ್ಗೆ ಏನೂ ಹೇಳುವುದಿಲ್ಲ.

ಕೊಪ್ಪದ ಸುತ್ತಲಿನ ಮೂರು ಬಗೆಯ ಮನೆಗಳು

ಕೊಪ್ಪದ ಸುತ್ತಮುತ್ತಲ ಕಾಡು ಬರಿದಾದ ಜಾಗವಾಗಿ ಎಂದೂ ಇರಲಿಲ್ಲ. ಅಲ್ಲಿ ಮೂರು ಬಗೆಯ ಮನೆಗಳನ್ನು ಕಾಣುತ್ತೇವೆ.

ಮೊದಲನೆಯದು ನಿರಾಶ್ರಿತರ ಮನೆ. ಟಿಬೆಟಿನಿಂದ ಓಡಿಬಂದವರಿಗೆ 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಸರಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಹಿಮದ ನಾಡಿನವರು ಈ ಸೆಕೆಯಲ್ಲಿ, ಆನೆಗಳ ನಡುವೆ, ಕಾಡು ಕಡಿದು ಜೋಳ ಬಿತ್ತಿದರು. ಇಂದು ಸ್ವರ್ಣ ದೇಗುಲವೆಂದು ಪ್ರವಾಸಿಗರು ಮುಗಿಬೀಳುವ ನಮ್ಡ್ರೋಲಿಂಗ್ ಮಠ 1963ರಲ್ಲಿ ಆರಂಭವಾದದ್ದು ಒಂದು ಪುಟ್ಟ ಬಿದಿರಿನ ಗುಡಿಯಾಗಿ. ಅಲ್ಲಿಯೂ ಮರ ಉರುಳಿತು, ನಿಜ. ಆದರೆ ಉರುಳಿಸಿದವರಿಗೆ ಬೇರೆ ನೆಲವಿರಲಿಲ್ಲ.

ಎರಡನೆಯದು ಕಾಡಿನ ಮಕ್ಕಳ ಮನೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ತಾಲೂಕುಗಳ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಬದುಕುತ್ತಿದ್ದಾರೆ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಪ್ರತಿ ಹೆಜ್ಜೆಗೂ ಹಾಡಿಗಳು ಖಾಲಿಯಾದವು. ಕೆಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋದರು, ಕೆಲವರನ್ನು ಹುಣಸೂರು ತಾಲೂಕಿನ ನಾಗಾಪುರದಂಥ ಪುನರ್ವಸತಿ ಕಾಲನಿಗಳಿಗೆ ಸೇರಿಸಲಾಯಿತು. ಹೈಕೋರ್ಟ್ ನೇಮಿಸಿದ, ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಝಫ್ಫರ್ ಅಸ್ಸಾದಿಯವರ ನೇತೃತ್ವದ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳ ಲೆಕ್ಕವಿದೆ. 2025ರ ಜನವರಿಯಲ್ಲಿ ನಮ್ಮನ್ನಗಲಿದ ಅಸ್ಸಾದಿಯವರು ಈ ನಾಡಿಗೆ ಬಿಟ್ಟುಹೋದ ದೊಡ್ಡ ಋಣಗಳಲ್ಲಿ ಆ ವರದಿಯೂ ಒಂದು. ಅದೇ ವರ್ಷದ ಮೇ ತಿಂಗಳಲ್ಲಿ ಜೇನುಕುರುಬರ ಸುಮಾರು 50 ಕುಟುಂಬಗಳು ದಶಕಗಳ ಹಿಂದೆ ತಮ್ಮವರನ್ನು ಹೊರಹಾಕಲಾಗಿದ್ದ ಕರಡಿಕಲ್ಲು ಹಾಡಿಗೆ ಮರಳಿ ಬಂದು ಗುಡಿಸಲು ಹಾಕಿಕೊಂಡಾಗ, ಅವರನ್ನು ಎದುರುಗೊಂಡದ್ದು ತೆರವಿನ ಸೂಚನೆಯೇ.

ಮೂರನೆಯದು ಬಿಡುವಿನ ಮನೆ. ಎರಡನೆಯ ಮನೆ ಇಲ್ಲವಾದ ಕಾಲದಲ್ಲಿಯೇ ಈ ಮೂರನೆಯದು ಎದ್ದಿತು ಎಂಬುದನ್ನು ನಾವು ಮರೆಯಬಾರದು. 1990ರ ದಶಕದಲ್ಲಿ ನಾಗರಹೊಳೆ ಉದ್ಯಾನದೊಳಗಿನ ಮುರ್ಕಲ್‌ನಲ್ಲಿ ಅರಣ್ಯ ವಸತಿ ಕಟ್ಟಡಗಳನ್ನು ತಾಜ್ ಸಮೂಹದ ಗೇಟ್‌ವೇ ಹೋಟೆಲ್ ಸಂಸ್ಥೆಗೆ ಸರಕಾರ ಗುತ್ತಿಗೆಗೆ ಕೊಟ್ಟಿತು. ಗುಡಿಸಲಿನ ಆದಿವಾಸಿಗೆ ಕಾಡು ಬಿಡು ಎಂದ ಅದೇ ಸರಕಾರ ಪ್ರವಾಸಿಗನಿಗೆ ಅದೇ ಕಾಡಿನೊಳಗೆ ಹಾಸಿಗೆ ಹಾಸಲು ಹೊರಟಿತ್ತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬೀದಿಗಿಳಿದು ಹೋರಾಡಿತು, 1996ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದ ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದೆಂದು 1997ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ದೇಶದ ಬಲಾಢ್ಯ ಉದ್ಯಮವೊಂದು ಹಾಡಿಯ ಜನರ ಮುಂದೆ ಸೋತ ಅಪರೂಪದ ಪ್ರಸಂಗವದು.

ಹೀಗಿರುವಾಗ ಚಿತ್ರದಲ್ಲಿ ಮನುಷ್ಯರಿಲ್ಲದ ಕಾಡನ್ನು ಕಂಡು ಮೈಮರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಡವೇ? ಇಲ್ಲಿ ಮನುಷ್ಯರು ಯಾಕಿಲ್ಲ? ಇದ್ದವರು ಎಲ್ಲಿ ಹೋದರು? ನಾವು ಪ್ರಕೃತಿಯ ಮೌನವೆಂದು ಹಣ ಕೊಟ್ಟು ಕೊಳ್ಳುವುದರಲ್ಲಿ ಒಂದು ಪಾಲು ಎಬ್ಬಿಸಲ್ಪಟ್ಟವರ ಗೈರುಹಾಜರಿ.

ಮರಕ್ಕೂ ಲೆಕ್ಕವಿದೆ

ಮರದ ಮನೆ ಸಿಮೆಂಟಿನ ಮನೆಗಿಂತ ಪ್ರಕೃತಿಸ್ನೇಹಿ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಸಿಮೆಂಟ್ ಸುಡುವುದರಿಂದ ಹೊರಬರುವ ಇಂಗಾಲ ಅಪಾರ. ಮರವಾದರೋ ಬೆಳೆಯುವಾಗ ಇಂಗಾಲವನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ನೆಟ್ಟು ಬೆಳೆಸಿದ ಮರದಿಂದ, ವಾಸಕ್ಕಾಗಿ, ತಲೆಮಾರು ಬಾಳುವಂತೆ ಕಟ್ಟಿದ ಮನೆ ಮೆಚ್ಚತಕ್ಕದ್ದೇ. ಆದರೆ ಸಮುದ್ರದಾಚೆಯಿಂದ ತರಿಸಿದ ಪೈನ್ ಹಲಗೆಯಲ್ಲಿ ಕಟ್ಟಿ, ವರ್ಷಕ್ಕೆ ಇಪ್ಪತ್ತು ದಿನ ತೆರೆದು, ಉಳಿದ ದಿನ ಬೀಗ ಹಾಕಿಡುವ ಮನೆಯನ್ನು ಯಾವ ಲೆಕ್ಕದಲ್ಲಿ ಪ್ರಕೃತಿಸ್ನೇಹಿ ಎನ್ನುವುದು? ಅದರ ಕೊಳವೆಬಾವಿ ನೆರೆಯ ರೈತನ ಬಾವಿಯ ನೀರಿಗೇ ಕೈಯಿಡುತ್ತದೆ. ಅದರ ಸೋಲಾರ್ ಬೇಲಿ ಆನೆಯ ಹಸಿವನ್ನು ಕಡಿಮೆ ಮಾಡುವುದಿಲ್ಲ, ಪಕ್ಕದ ಹೊಲದ ರಾಗಿ, ಬಾಳೆಗಳತ್ತ ಅದಕ್ಕೆ ದಾರಿ ತೋರಿಸುತ್ತದೆ. ರಾತ್ರಿ ಅತಿಥಿಗಳ ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಮನೆಗೆ ಹೊರಡುವ ಅಡುಗೆಯಾಕೆ ಆ ಕತ್ತಲಿನಲ್ಲಿ ಆನೆ ದಾಟುವ ಹಾದಿಯಲ್ಲೇ ನಡೆಯಬೇಕು. ಗಾಜಿನ ಒಳಗಿನವರಿಗೆ ಆನೆ ಒಂದು ನೋಟ, ಹೊರಗಿನವಳಿಗೆ ಜೀವಭಯ.

ಜೇನುಕುರುಬನ ಗುಡಿಸಲೂ ಮರದ ಮನೆಯೇ ತಾನೆ! ಬಿದಿರಿನ ತಟ್ಟಿ, ಮಣ್ಣಿನ ಲೇಪ, ಹುಲ್ಲಿನ ಹೊದಿಕೆ. 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಬಹುಕಾಲ ಮರವೆಂದೇ ಎಣಿಸಿತ್ತು. 2017ರ ತಿದ್ದುಪಡಿ ವಿನಾಯಿತಿ ಕೊಟ್ಟದ್ದು ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಮಾತ್ರ. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು ಕಾಡಿನ ಜನರಿಗೆ ಅದರ ಮೇಲೆ ಹಕ್ಕು ನೀಡಿತು. ಹಾಗಿದ್ದೂ ಸಂರಕ್ಷಿತ ಕಾಡಿನಲ್ಲಿ ಆ ಹಕ್ಕು ಕಾಗದದಿಂದ ಕೈಗೆ ಬರುವುದು ಎಷ್ಟು ಕಷ್ಟ ಎಂಬುದಕ್ಕೆ ಕರಡಿಕಲ್ಲು ಸಾಕ್ಷಿ. ಒಬ್ಬ ಬಿದಿರು ಕಡಿದರೆ ಅಪರಾಧಿ, ಇನ್ನೊಬ್ಬ ಬಿದಿರಿನ ಛಾವಣಿ ಹಾಕಿಸಿದರೆ ಅಭಿರುಚಿಯುಳ್ಳವ.

ದೋಷವೆಲ್ಲ ಬಿಡುವಿನ ಮನೆಯದೇ ಎಂದು ನಾವು ಹೇಳುತ್ತಿಲ್ಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ಪ್ರತಿ ಹಂಗಾಮಿನಲ್ಲೂ ಸುಡುವ ಸೌದೆ ಸಣ್ಣದೇನಲ್ಲ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಕಾಕನಕೋಟೆಯ ಕಾಡನ್ನು ನುಂಗಿತು. ಆದರೆ ಹೊಗೆಸೊಪ್ಪಿನ ಹಿಂದೆ ರೈತನ ಸಾಲವಿದೆ, ಅಣೆಕಟ್ಟಿನ ಹಿಂದೆ ಬಾಯಾರಿದ ಗದ್ದೆಗಳಿವೆ. ಬಿಡುವಿನ ಮನೆಯ ಹಿಂದೆ ಇರುವ ಅಗತ್ಯ ಯಾವುದು ಎಂದು ಕೇಳಿಕೊಳ್ಳುವ ಹೊಣೆ ಅದನ್ನು ಕಟ್ಟುವವರದು.

ಹದೀಸ್ ಗ್ರಂಥಗಳಲ್ಲಿ ಬರುವ ಒಂದು ಪ್ರಸಂಗ ನಮ್ಮ ಓದುಗರಿಗೆ ತಿಳಿದದ್ದೇ. ಪ್ರವಾದಿ(ಸ)ರು ಖರ್ಜೂರದ ಒಂದು ಕಾಂಡಕ್ಕೆ ಒರಗಿ ನಿಂತು ಪ್ರವಚನ ನೀಡುತ್ತಿದ್ದರು. ಮಿಂಬರ್ ಸಿದ್ಧವಾಗಿ ಅವರು ಅದನ್ನೇರಿದ ದಿನ ಆ ಕಾಂಡ ಅತ್ತಿತು. ಪ್ರವಾದಿ(ಸ)ರು ಕೆಳಗಿಳಿದು ಅದನ್ನು ಅಪ್ಪಿ ಸಮಾಧಾನಪಡಿಸಿದರು. ಕಡಿದ ಮರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬ ಭಾವ ಬೆಳೆಸಿಕೊಂಡ ಸಮುದಾಯ ತಾನು ಕೊಳ್ಳುವ ಪ್ರತಿ ಹಲಗೆಯ ಊರು ಯಾವುದೆಂದು ಕೇಳಬೇಕು.

ನಾಯಿಯ ಬೊಗಳು ಕೇಳುವಷ್ಟು ದೂರ

ಈ ಚರ್ಚೆಗೆ ಹದಿನಾಲ್ಕು ಶತಮಾನಗಳ ಹಿಂದಿನ ಒಂದು ಶಬ್ದ ಬೆಳಕು ನೀಡುತ್ತದೆ. ಅದು ಹಿಮಾ, ಅಂದರೆ ಮೀಸಲು ಪ್ರದೇಶ. ಇಸ್ಲಾಮಿನ ಪೂರ್ವದ ಅರೇಬಿಯದಲ್ಲಿ ಬಲಿಷ್ಠ ಗೋತ್ರನಾಯಕ ಹಸಿರಿದ್ದ ಜಾಗಕ್ಕೆ ಬಂದರೆ ಎತ್ತರದಲ್ಲಿ ತನ್ನ ನಾಯಿಯನ್ನು ಬೊಗಳಿಸುತ್ತಿದ್ದ. ಆ ಸದ್ದು ಎಲ್ಲಿಯವರೆಗೆ ಕೇಳಿಸಿತೋ ಅಲ್ಲಿಯವರೆಗಿನ ಹುಲ್ಲು, ನೀರು ಅವನದು. ಅಲ್ಲಿ ಬೇರೆಯವರ ಒಂಟೆ ಕಾಲಿಡುವಂತಿಲ್ಲ. ಹೀಗೆ ಮೀಸಲು ಮಾಡಿಕೊಂಡು ಮೆರೆಯುತ್ತಿದ್ದ ಕುಲೈಬ್ ಎಂಬ ನಾಯಕ ತನ್ನ ಹಿಮಾದೊಳಗೆ ಬಂದ ಬಸೂಸ್ ಎಂಬ ಮಹಿಳೆಯ ಕಡೆಯ ಹೆಣ್ಣೊಂಟೆಗೆ ಬಾಣ ಬಿಟ್ಟ. ಆ ಬಾಣದಿಂದ ಹೊತ್ತಿದ ಬಸೂಸ್ ಯುದ್ಧ ನಲ್ವತ್ತು ವರ್ಷ ನಡೆಯಿತೆಂದು ಅರಬರ ಕಥನಗಳು ಹೇಳುತ್ತವೆ.

ಪ್ರವಾದಿ(ಸ)ರು ಈ ಪದ್ಧತಿಯನ್ನು ಬುಡಮೇಲು ಮಾಡಿದರು. ಹಿಮಾ ದೇವನಿಗೂ ಅವನ ಸಂದೇಶವಾಹಕರಿಗೂ ಮಾತ್ರ ಸಲ್ಲುವುದೆಂದು ಸಾರಿದರು. ಸಾರ್ವಜನಿಕ ಹಿತಕ್ಕಲ್ಲದೆ ಯಾರ ಖಾಸಗಿ ಸುಖಕ್ಕೂ ಹುಲ್ಲುಗಾವಲನ್ನು ಮೀಸಲಿಡುವಂತಿಲ್ಲ ಎಂದು ಅದರರ್ಥ. ಖಲೀಫ ಉಮರ್(ರ)ರ ಕಾಲದಲ್ಲಿ ಹಿಮಾವೊಂದರ ಉಸ್ತುವಾರಿಗೆ ಹುನೈ ಎಂಬ ವಿಮೋಚಿತ ಗುಲಾಮನನ್ನು ನೇಮಿಸಲಾಯಿತು. ಅವನಿಗೆ ಉಮರ್(ರ) ನೀಡಿದ ಆದೇಶ ಇಂದಿನ ಪ್ರತಿಯೊಬ್ಬ ಅರಣ್ಯಾಧಿಕಾರಿಯೂ ಓದಬೇಕಾದುದು. ಕೆಲವೇ ಕುರಿ, ಕೆಲವೇ ಒಂಟೆ ಉಳ್ಳವನನ್ನು ಒಳಗೆ ಬಿಡು, ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಹಿಂಡುಗಳನ್ನು ತಡೆ ಎಂಬುದು ಅದರ ಸಾರ. ಇವರಿಬ್ಬರೂ ಉನ್ನತ ಸಹಾಬಿಗಳು, ಮಹಾದಾನಿಗಳು. ಅವರ ಸದ್ಗುಣದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಉಮರ್(ರ)ರ ತರ್ಕ ಸರಳವಾಗಿತ್ತು. ಶ್ರೀಮಂತರ ಹಿಂಡು ಸತ್ತರೆ ಅವರಿಗೆ ಹೊಲ ತೋಟಗಳಿವೆ, ಬಡವನ ನಾಲ್ಕು ಕುರಿ ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬರುತ್ತಾನೆ. ಜೊತೆಗೆ ಅವರು ಇನ್ನೊಂದು ಮಾತನ್ನೂ ನೆನಪಿಸಿದರು. ಅದು ಆ ಜನರದೇ ನೆಲ, ಅದಕ್ಕಾಗಿ ಅವರು ಹಿಂದಿನಿಂದಲೂ ಹೋರಾಡಿದವರು, ಅದನ್ನು ಮೀಸಲಿಡುವುದು ತಮಗೆಸಗಿದ ಅನ್ಯಾಯವೆಂದು ಅವರಿಗೆ ಅನಿಸಿದರೆ ಆಶ್ಚರ್ಯವಿಲ್ಲ ಎಂದರು.

ಈ ಅಳತೆಗೋಲನ್ನು ನಾಗರಹೊಳೆಯ ಅಂಚಿಗೆ ತಂದು ನೋಡಿ. ಹಿಮಾದಲ್ಲಿ ಮೀಸಲು ಇದೆ, ಅಂದರೆ ಸಂರಕ್ಷಣೆ ಇದೆ. ಯಾರು ಬೇಕಾದರೂ ಕಾಡು ದೋಚಲಿ ಎಂದು ಇಸ್ಲಾಮ್ ಹೇಳಲಿಲ್ಲ. ಆದರೆ ಬಾಗಿಲು ಮೊದಲು ತೆರೆಯುವುದು ಬಡವನಿಗೆ, ಮುಚ್ಚುವುದು ಉಳ್ಳವನಿಗೆ. ನಮ್ಮಲ್ಲಿ ಆಗಿರುವುದು ತಿರುವುಮುರುವು. ಜೇನು ಕೀಳುವವನನ್ನು ಗೇಟಿನಲ್ಲಿ ತಡೆಯಲಾಗುತ್ತದೆ, ಸಫಾರಿಯ ಜೀಪು ಸಲಾಮು ಪಡೆದು ಒಳಹೋಗುತ್ತದೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ಕಳಿಸಲು ಅರಣ್ಯ ಸಚಿವರು ಆದೇಶಿಸಬೇಕಾಯಿತು. ಪ್ರವಾಸಿಗನ ಮನರಂಜನೆಗೂ ಕಾಡಂಚಿನ ರೈತನ ಪ್ರಾಣಕ್ಕೂ ನಡುವೆ ಆಯ್ಕೆ ಮಾಡಬೇಕಾದ ಸ್ಥಿತಿಗೆ ನಾವು ಬಂದು ತಲುಪಿದ್ದೇವೆ. ಕುಲೈಬ್‌ನ ನಾಯಿಯ ಬೊಗಳು ಇಂದು ಸೋಲಾರ್ ಬೇಲಿಯಾಗಿದೆ, ಖಾಸಗಿ ರಸ್ತೆಯ ಫಲಕವಾಗಿದೆ.

ಬಿಡುವು ಬೇಡವೇ?

ಹಾಗಾದರೆ ದಣಿದವನು ಕಾಡಿಗೆ ಹೋಗಲೇಬಾರದೇ? ಪ್ರವಾಸೋದ್ಯಮದಿಂದ ಊರವರಿಗೆ ಕೆಲಸ ಸಿಗುವುದಿಲ್ಲವೇ? ಕಾಡನ್ನು ಕಂಡವನಲ್ಲವೇ ಕಾಡನ್ನು ಪ್ರೀತಿಸುವುದು? ಈ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ಅವಲೋಕಿಸಿರಿ ಎಂಬ ಕರೆ ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಶ್ರಾಂತಿ ದೇಹದ ಹಕ್ಕು. ತನ್ನ ತೋಟದ ಮನೆಯ ಒಂದು ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಮಕ್ಕಳ ಶಾಲೆಯ ಶುಲ್ಕ ಹೊಂದಿಸುವ ಸಣ್ಣ ಬೆಳೆಗಾರನನ್ನು ಯಾರೂ ದೂಷಿಸಲಾರರು. ಅಲ್ಲಿ ಮನೆಯವರಿದ್ದಾರೆ, ಒಲೆ ಉರಿಯುತ್ತದೆ, ನಾವು ಅತಿಥಿಗಳಾಗಿ ಹೋಗುತ್ತೇವೆ. ಅತಿಥಿಗೆ ತನ್ನ ಮಿತಿ ಗೊತ್ತಿರುತ್ತದೆ. ಮಾಲಿಕನಾದೊಡನೆ ಆ ಮಿತಿ ಮರೆತುಹೋಗುತ್ತದೆ.

ಅಲ್ಲದೆ ಈ ಪ್ರಶ್ನೆ ಬೇರೆ ಯಾರದೋ ಅಲ್ಲ. ನಮ್ಮ ಕರಾವಳಿಯ ಊರುಗಳಲ್ಲಿ ಗಲ್ಫ್‌ನಲ್ಲಿ ಬೆವರು ಸುರಿಸಿ ಕಟ್ಟಿಸಿದ ಎಷ್ಟು ದೊಡ್ಡ ಮನೆಗಳು ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಕೊಂಡು ನಿಂತಿಲ್ಲ? ಅವುಗಳ ಪಕ್ಕದಲ್ಲೇ ಬಾಡಿಗೆ ಕಟ್ಟಲಾರದ ಕುಟುಂಬ ಇರುತ್ತದೆ. ಪೆರ್ನಾಳಿನ ಮರುದಿನ ಕೊಡಗಿನ ರೆಸಾರ್ಟುಗಳಿಗೆ ಹೊರಡುವ ವಾಹನಗಳ ಸಾಲಿನಲ್ಲಿ ನಮ್ಮವರೂ ಇದ್ದಾರೆ. ಅಗತ್ಯ ಮೀರಿ ಕಟ್ಟಡಕ್ಕೆ ಸುರಿದ ಹಣಕ್ಕೆ ಪುಣ್ಯವಿಲ್ಲ ಎಂಬ ಆಶಯದ ಪ್ರವಾದಿ ವಚನವನ್ನು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗಿದವರು ನಾವೇ.

ಕಾಡಿನ ನಡುವೆ ಮನೆ ಕಟ್ಟಲು, ಕೊಳ್ಳಲು ಅಥವಾ ಎರಡು ದಿನ ಬಾಡಿಗೆಗೆ ಹಿಡಿಯಲು ಹೊರಡುವವರು ಮೂರು ವಿಷಯಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಈ ನೆಲದಲ್ಲಿ ಹಿಂದೆ ಯಾರಿದ್ದರು, ಅವರು ಸ್ವಇಚ್ಛೆಯಿಂದ ಹೋದರೇ? ಈ ಬೇಲಿ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗಿಡುತ್ತದೆ? ಇಲ್ಲಿಂದ ನಾವು ಮರಳುವಾಗ ಜನರ ಬಗ್ಗೆ ನಮ್ಮ ಅಂತಃಕರಣ ಹೆಚ್ಚಿರುತ್ತದೆಯೇ, ಇಲ್ಲ ಜನರೇ ಒಂದು ಕಾಟವೆಂಬ ಭಾವನೆ ಬಲಿತಿರುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದನ್ನು ಯಾವ ಕಚೇರಿಯಲ್ಲೂ ಪಹಣಿ ತೆಗೆಸಿ ನೋಡಲಾಗದು. ಹಿರಾದಿಂದ ಇಳಿದು ಬಂದವರು ಅನಾಥರ, ಗುಲಾಮರ, ವಿಧವೆಯರ ಮನೆಬಾಗಿಲಿಗೆ ಬಂದರು. ಏಕಾಂತದ ಬೆಲೆಯನ್ನು ಅಳೆಯಲು ನಮಗೆ ಸಿಕ್ಕಿರುವ ಮಾನದಂಡ ಅದು.

ಕೊಪ್ಪದ ಬಳಿ ಕಾವೇರಿ ಎರಡು ಜಿಲ್ಲೆಗಳ ಗಡಿಯಾಗಿ ಹರಿಯುತ್ತಾಳೆ. ಒಂದು ದಡದ ನೀರು, ಇನ್ನೊಂದು ದಡದ ನೀರು ಎಂದು ಅವಳಲ್ಲಿ ಭೇದವಿಲ್ಲ. ಕಾಡೂ ಅದರ ಮೌನವೂ ಹಾಗೆಯೇ ನಮ್ಮ ಕೈಗೆ ಬಂದಿರುವ ಅಮಾನತ್ತುಗಳು. ಅಮಾನತ್ತನ್ನು ಬಳಸಬಹುದು, ಕಾಯಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕ ಕೇಳುವ ದಿನ ಸಾಕ್ಷಿ ಹೇಳಲು ಕಾಡಿನಿಂದ ಯಾರೆಲ್ಲ ಬಂದು ನಿಲ್ಲುವರೆಂದು ಈಗಲೇ ಯೋಚಿಸುವುದು ಲೇಸು.